ಸಾರುವೆ ಹತ್ತುವ ಮುನ್ನ
(ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲಕ್ಕೆ ಹಳ್ಳಿಗಳಲ್ಲಿ ಕಟ್ಟಡದ ಕೆಲಸ ಆರಂಭವಾಗುತ್ತದೆ. ಒಬ್ಬರು ದನದ ಕೊಟ್ಟಿಗೆ ಕಟ್ಟುತ್ತಾರೆ, ಇನ್ನೊಬ್ಬರು ರೇಷ್ಮೆ ಹುಳು ಸಾಕುವ ಮನೆಯ ಗೋಡೆ ಏರಿಸುತ್ತಾರೆ, ಮತ್ತೊಬ್ಬರು ದವಸದ ಕೋಣೆಗೆ ಗಿಲಾವು ಮಾಡಿಸುತ್ತಾರೆ. ಗೋಡೆ ಎದೆಮಟ್ಟ ದಾಟಿತೆಂದರೆ ಗಳ, ಹಲಗೆ, ಹಗ್ಗಗಳಿಂದ ಸಾರುವೆ ಕಟ್ಟಲೇಬೇಕಾಗುತ್ತದೆ. ಗೋಡೆ ಬಹುಕಾಲ ಬಾಳಬೇಕೆಂದು ಪಾಯವನ್ನು ಆಳವಾಗಿ ತೆಗೆಸುವ ನಾವು, ಸಾರುವೆ ನಾಲ್ಕು ದಿನದ್ದೆಂದು ಕೈಗೆ ಸಿಕ್ಕಿದ ಕೋಲುಗಳನ್ನು ಬಿಗಿದು ಸುಮ್ಮನಾಗುತ್ತೇವೆ. ಆದರೆ ಆ ನಾಲ್ಕು ದಿನವೂ ಮನುಷ್ಯರ ಪ್ರಾಣವನ್ನು ಹೊತ್ತು ನಿಂತಿರುವುದು ಅದೇ ಎಂಬುದನ್ನು ಮರೆಯಬಾರದು.

10 ಅಡಿ ಏನು ಮಹಾ ಎತ್ತರ ಎಂದು ಕೆಲವರು ಕೇಳುತ್ತಾರೆ. 10 ಅಡಿ ಮೇಲಿನಿಂದ ಜಾರಿದವನು ಒಂದು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ನೆಲಕ್ಕೆ ಅಪ್ಪಳಿಸುತ್ತಾನೆ. ಆಗ ಅವನ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಕೈ ಚಾಚಿ ಏನನ್ನಾದರೂ ಹಿಡಿದುಕೊಳ್ಳಲು ಸಮಯವೇ ಇರುವುದಿಲ್ಲ. ತಲೆಗೋ ಬೆನ್ನುಹುರಿಗೋ ಪೆಟ್ಟು ಬಿದ್ದರೆ ದುಡಿಯುವ ಜೀವ ಹಾಸಿಗೆ ಹಿಡಿಯುತ್ತದೆ.

ಜವಾಬ್ದಾರಿ ಯಾರದು?

ದೊಡ್ಡ ಕಾಮಗಾರಿಗಳಲ್ಲಿ ಇಂಜಿನಿಯರು, ಗುತ್ತಿಗೆದಾರರು ಇರುತ್ತಾರೆ. ಕಟ್ಟಡ ಕಾರ್ಮಿಕರ ರಕ್ಷಣೆಗಾಗಿ 1996ರಲ್ಲಿ ಕೇಂದ್ರ ಕಾಯಿದೆ ಬಂದಿತು. ಅನಂತರ ಆ ವಿಷಯವನ್ನು 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಸೇರಿಸಲಾಯಿತು. ಇವೆರಡೂ ಮುಖ್ಯವಾಗಿ 10 ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಕಾಮಗಾರಿಗಳನ್ನು ಕುರಿತವು. ನಮ್ಮ ಕೊಟ್ಟಿಗೆಯ ಕೆಲಸಕ್ಕೆ ಇರುವವರು ಒಬ್ಬ ಮೇಸ್ತ್ರಿ, ಇಬ್ಬರು ಗಾರೆಯವರು, ಮೂರ್ನಾಲ್ಕು ಜನ ಆಳುಗಳು. ಕೆಲವೊಮ್ಮೆ ಮುಯ್ಯಿಗೆ ಬಂದ ನೆರೆಹೊರೆಯವರು. ಅಲ್ಲಿಗೆ ಯಾವ ಅಧಿಕಾರಿಯೂ ಬಂದು ಸಾರುವೆ ಪರೀಕ್ಷಿಸುವುದಿಲ್ಲ. ಆದುದರಿಂದ ಕೆಲಸ ಮಾಡಿಸುವ ಯಜಮಾನನೇ ಮೇಸ್ತ್ರಿಯನ್ನು ಜೊತೆಗಿಟ್ಟುಕೊಂಡು ಪರೀಕ್ಷಕನಾಗಬೇಕು. ದಿನವೂ ಬೆಳಗ್ಗೆ ಗದ್ದೆಯನ್ನು ಒಂದು ಸುತ್ತು ನೋಡಿ ಬರುವ ರೈತನಿಗೆ ಸಾರುವೆಯ ಸುತ್ತ ಒಂದು ಸುತ್ತು ಬರುವುದು ಹೊರೆಯಲ್ಲ.

ಈ ಸುತ್ತಿನಲ್ಲಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇಲ್ಲಿ ಏನು ಕೆಡಬಹುದು? ಕೆಟ್ಟರೆ ಯಾರಿಗೆ, ಎಷ್ಟು ಪೆಟ್ಟಾಗುತ್ತದೆ? ಅದನ್ನು ತಡೆಯಲು ಕೆಲಸ ಶುರುವಾಗುವ ಮೊದಲು ಏನು ಮಾಡಬಹುದು? ಅಪಾಯವನ್ನು ಅಳೆಯುವುದೆಂದರೆ ಇಷ್ಟೆ. ಮೇಲೆ ಹತ್ತುವುದನ್ನೇ ತಪ್ಪಿಸಲು ಸಾಧ್ಯವಿದ್ದರೆ ಅದು ಎಲ್ಲಕ್ಕಿಂತ ಉತ್ತಮ. ಉದಾಹರಣೆಗೆ, ಚಾವಣಿಯ ಕಬ್ಬಿಣಕ್ಕೆ ಬಣ್ಣ ಬಳಿಯುವುದನ್ನು ನೆಲದ ಮೇಲೆಯೇ ಮುಗಿಸಬಹುದು. ಹತ್ತಲೇಬೇಕಾದಾಗ ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಬುಡ: ನಮ್ಮ ಎರೆಭೂಮಿ ಒಣಗಿದಾಗ ಬಿರಿಯುತ್ತದೆ, ನೆನೆದಾಗ ಉಬ್ಬಿ ಮೆತ್ತಗಾಗುತ್ತದೆ. ಒಂದು ಅಡ್ಡಮಳೆ ಬಂದರೆ ಸಾಕು, ಒಂದು ಗಳದ ಬುಡ ಕುಸಿದು ಇಡೀ ಸಾರುವೆ ವಾಲುತ್ತದೆ. ಹೊಸದಾಗಿ ಮುಚ್ಚಿದ ಪಾಯದ ಮಣ್ಣು, ಗೊಬ್ಬರದ ಗುಂಡಿಯ ಅಂಚು, ಬಚ್ಚಲ ನೀರು ಹರಿಯುವ ಜಾಗಗಳೂ ಅಷ್ಟೇ ಅಪಾಯಕರ. ಗಟ್ಟಿ ನೆಲವಿದ್ದಲ್ಲಿ ಗಳವನ್ನು ಒಂದೂವರೆಯಿಂದ ಎರಡು ಅಡಿ ಹೂತು ಮಣ್ಣು ಗುದ್ದಬೇಕು. ಮೆತ್ತನೆಯ ನೆಲದಲ್ಲಿ ಬುಡಕ್ಕೆ ಅಗಲವಾದ ಹಾಸುಗಲ್ಲು ಅಥವಾ ದಪ್ಪ ಹಲಗೆ ಕೊಡಬೇಕು. ಇಟ್ಟಿಗೆ ಚೂರುಗಳ ಮೇಲೆ ಗಳ ನಿಲ್ಲಿಸಕೂಡದು.

2. ಗಳ ಮತ್ತು ಕಟ್ಟು: ಸರ್ವೆ ಗಳವಾಗಲಿ ಬಿದಿರಾಗಲಿ ನೆಟ್ಟಗೆ, ಸೀಳಿಲ್ಲದೆ ಇರಬೇಕು. ಬಿದಿರು ಬಲಿತಿರಬೇಕು, ಮೂರು ವರ್ಷ ತುಂಬದ ಎಳೆಯ ಬಿದಿರಿಗೆ ಹುಳು ಬೇಗ ಬೀಳುತ್ತದೆ. ಗಳವನ್ನು ತಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಅದನ್ನು ಒಲೆಗೆ ಹಾಕಿ. ಹೂತ ಬುಡಕ್ಕೆ ಗೆದ್ದಲು ಹಿಡಿದಿದೆಯೇ ಎಂದೂ ನೋಡಬೇಕು. ನಿಂತ ಗಳಗಳ ನಡುವೆ 6 ಅಡಿಗಿಂತ ಹೆಚ್ಚು ಅಂತರ ಬೇಡ. ಉದ್ದಕ್ಕೂ ಓರೆಗಳ ಕಟ್ಟದಿದ್ದರೆ ಸಾರುವೆ ಪಕ್ಕಕ್ಕೆ ಮಲಗುತ್ತದೆ. ನಾರಿನ ಹಗ್ಗ ನೆನೆದಾಗ ಬಿಗಿಯಾಗಿ, ಒಣಗಿದಾಗ ಸಡಿಲವಾಗುತ್ತದೆ. ಆದುದರಿಂದ ಮಳೆ ಬಂದು ಬಿಸಿಲಾದ ಮೇಲೆ ಪ್ರತಿಯೊಂದು ಕಟ್ಟನ್ನೂ ಕೈಯಿಂದ ಎಳೆದು ನೋಡತಕ್ಕದ್ದು. ಬಿಸಿಲಿಗೆ ಬಿದ್ದು ಬಣ್ಣಗೆಟ್ಟ ಪ್ಲಾಸ್ಟಿಕ್ ಹಗ್ಗವನ್ನು ಉಪಯೋಗಿಸಬಾರದು.

3. ಗೋಡೆಯ ಆಸರೆ: ಒಂಟಿ ಸಾಲಿನ ಸಾರುವೆಯ ಅಡ್ಡಗಳಗಳ ಒಂದು ತುದಿ ಗೋಡೆಯ ರಂಧ್ರದಲ್ಲಿ ಕೂರುತ್ತದೆ. ಹಸಿ ಗೋಡೆಯಾದರೆ ಅದು ಕಿತ್ತುಬರಬಹುದು. ಕಲ್ಲಿನ ಕಟ್ಟಡಕ್ಕೂ ಮಣ್ಣಿನ ಗೋಡೆಗೂ ಜೋಡಿ ಸಾಲಿನ ಸಾರುವೆಯೇ ಸರಿ. ಕಿಟಕಿಯ ಒಳಗಡೆ ಅಡ್ಡಲಾಗಿ ಒಂದು ಗಳವಿಟ್ಟು ಸಾರುವೆಯನ್ನು ಅದಕ್ಕೆ ಬಿಗಿದರೆ ಒಳ್ಳೆಯ ಹಿಡಿತ ಸಿಗುತ್ತದೆ. ಯಾವ ಆಸರೆಯೂ ಇಲ್ಲದೆ ನಿಂತ ಸಾರುವೆಯ ಎತ್ತರ ಅದರ ಅಗಲದ ಮೂರರಷ್ಟನ್ನು ಮೀರಬಾರದು.

4. ಹಲಗೆ: ಒಂದೂವರೆ ಅಂಗುಲ ದಪ್ಪದ ಹಲಗೆಗೆ 4 ಅಡಿಗೊಂದು ಆಸರೆ ಬೇಕು. ಹಲಗೆಯ ತುದಿ ಅಡ್ಡಗಳದಿಂದ ಆಚೆಗೆ 2 ಅಂಗುಲಕ್ಕಿಂತ ಕಡಿಮೆ ಚಾಚಿದ್ದರೆ ಜಾರಿ ಬೀಳುತ್ತದೆ. 6 ಅಂಗುಲಕ್ಕಿಂತ ಹೆಚ್ಚು ಚಾಚಿದ್ದರೆ ತುದಿ ತುಳಿದವನನ್ನು ಏತದಂತೆ ಎತ್ತಿ ಕೆಡವುತ್ತದೆ. ಎರಡು ತುದಿಗಳನ್ನೂ ಕಟ್ಟಬೇಕು. ಒಂದೇ ಹಲಗೆಯ ಮೇಲೆ ಕೆಲಸ ಬೇಡ. ಕನಿಷ್ಠ ಎರಡು ಮೂರು ಹಲಗೆಗಳನ್ನು ಸಂದಿಲ್ಲದಂತೆ ಜೋಡಿಸಿ.

5. ಅಂಚಿನ ತಡೆ: ಹಲಗೆಯಿಂದ ಸುಮಾರು 3 ಅಡಿ ಎತ್ತರದಲ್ಲಿ ಹೊರಗಡೆ ಒಂದು ಗಳವನ್ನು, ಅದರ ನಡುವೆ ಇನ್ನೊಂದನ್ನು ಕಟ್ಟಬೇಕು. ಹಿಂದೆ ಸರಿದು ಗೋಡೆಯ ನೇರ ನೋಡುವ ಗಾರೆಯವನನ್ನು ಉಳಿಸುವುದು ಈ ಗಳವೇ. ಕಾಲಿನ ಬಳಿ 6 ಅಂಗುಲದ ಹಲಗೆಯನ್ನು ನಿಲ್ಲಿಸಿ ಕಟ್ಟಿದರೆ ಇಟ್ಟಿಗೆ ಉರುಳಿ ಕೆಳಗಿನವರ ತಲೆಯ ಮೇಲೆ ಬೀಳುವುದಿಲ್ಲ.

6. ಏಣಿ: ಏಣಿ 12 ಅಡಿ ಎತ್ತರದಲ್ಲಿ ಒರಗಿದ್ದರೆ ಅದರ ಬುಡ ಗೋಡೆಯಿಂದ 3 ಅಡಿ ದೂರವಿರಲಿ. ತುದಿ ಹಲಗೆಗಿಂತ 3 ಅಡಿ ಮೇಲಕ್ಕೆ ಚಾಚಿ, ಬಿಗಿಯಾಗಿ ಕಟ್ಟಿರಬೇಕು. ಸಾರುವೆಯ ಗಳ ಹಿಡಿದು ಹತ್ತುವ ರೂಢಿಯನ್ನು ನಿಲ್ಲಿಸಬೇಕು.

ಭಾರದ ಲೆಕ್ಕ

ಒಂದು ಇಟ್ಟಿಗೆ ಸುಮಾರು 3 ಕಿಲೋ ತೂಗುತ್ತದೆ. 60 ಇಟ್ಟಿಗೆ ಪೇರಿಸಿದರೆ 180 ಕಿಲೋ. ಇಬ್ಬರು ಆಳುಗಳು 120, ಎರಡು ಬಾಂಡ್ಲಿ ಗಾರೆ 40. ಒಟ್ಟು 340 ಕಿಲೋ. ಅಂದರೆ ಸುಮಾರು 7 ಚೀಲ ಸಿಮೆಂಟಿನ ಭಾರ ಒಂದೇ ಅಂಕಣದ ಮೇಲೆ! ಆದುದರಿಂದ ಇಟ್ಟಿಗೆಯನ್ನು ಸ್ವಲ್ಪ ಸ್ವಲ್ಪವೇ ಮೇಲೇರಿಸಿ, ಗಳಗಳ ಹತ್ತಿರ ಹಂಚಿ ಇಡಬೇಕು. ಕೆಳಗಿನಿಂದ ಎಸೆದು ಮೇಲೆ ಹಿಡಿಯುವ ಪದ್ಧತಿ ಬೇಡ.

ವಿದ್ಯುತ್ ತಂತಿ

ಪಂಪ್‌ಸೆಟ್ಟಿನ ತಂತಿಗಳು ಹಾದುಹೋಗುವ ಕಡೆ ವಿಶೇಷ ಎಚ್ಚರಿಕೆ ಅಗತ್ಯ. ಕಬ್ಬಿಣದ ಕೊಳವೆ ಮಾತ್ರವಲ್ಲ, ಹಸಿ ಬಿದಿರೂ ವಿದ್ಯುತ್ತನ್ನು ಹರಿಸುತ್ತದೆ. ನಿಮ್ಮಲ್ಲಿರುವ ಅತಿ ಉದ್ದದ ಗಳ ಯಾವ ಕಡೆ ವಾಲಿದರೂ ತಂತಿಗೆ ತಾಗದಷ್ಟು ದೂರವಿರಬೇಕು. ಅಷ್ಟು ಜಾಗವಿಲ್ಲದಿದ್ದರೆ ವಿದ್ಯುತ್ ಕಚೇರಿಗೆ ತಿಳಿಸಿ, ಸರಬರಾಜು ನಿಲ್ಲಿಸಿದ್ದು ಖಚಿತವಾದ ಮೇಲೆಯೇ ಗಳ ಎತ್ತತಕ್ಕದ್ದು.

ಇನ್ನೂ ಕೆಲವು ಮಾತುಗಳು

ಜೋರು ಗಾಳಿ, ಮಳೆ ಬಂದರೆ ಕೂಡಲೇ ಕೆಳಗಿಳಿಯಬೇಕು. ಕುಡಿದು ಬಂದವರನ್ನು, ತಲೆ ಸುತ್ತು ಇರುವವರನ್ನು ಮೇಲೆ ಹತ್ತಿಸಬಾರದು. ಬಾಂಡ್ಲಿ ಹೊತ್ತು ಓಡಾಡುವ ಹೆಣ್ಣಾಳುಗಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ. ಎಲ್ಲರಿಗೂ ಐ.ಎಸ್.ಐ. ಗುರುತಿನ ಹೆಲ್ಮೆಟ್ ಕೊಡಿಸಿ. ಸಾರುವೆಯ ಕೆಳಗೆ ಮಕ್ಕಳು, ದನಕರುಗಳು ಸುಳಿಯದಂತೆ ಹಗ್ಗ ಕಟ್ಟಿ. ಬಿಚ್ಚುವಾಗಲೂ ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಬಿಚ್ಚಬೇಕು. ಕೆಲಸ ಮುಗಿಯಿತೆಂಬ ಅವಸರದಲ್ಲಿ ಬುಡದ ಕಟ್ಟು ಬಿಚ್ಚಿ ಎಳೆದು ಕೆಡವಬಾರದು.

ಇಷ್ಟಾದರೂ ಯಾರಾದರೂ ಬಿದ್ದರೆ, ಕೈಕಾಲು ಹಿಡಿದು ಎಬ್ಬಿಸಿ ಕೂರಿಸಬೇಡಿ. ಬೆನ್ನುಮೂಳೆ ಮುರಿದಿದ್ದರೆ ಅದರಿಂದ ಇನ್ನೂ ಕೆಡುಕಾಗುತ್ತದೆ. ಅಲುಗಿಸದೆ ಮಲಗಿಸಿ, 108ಕ್ಕೆ ಕರೆ ಮಾಡಿ. ಸಾಗಿಸಲೇಬೇಕಾದರೆ ಕದ ಅಥವಾ ಅಗಲವಾದ ಹಲಗೆಯ ಮೇಲೆ ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಮಲಗಿಸಿ ಒಯ್ಯಿರಿ. ಕಟ್ಟಡ ಕೆಲಸವನ್ನೇ ನಂಬಿದವರು ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಂಡಿದ್ದರೆ ಅಪಘಾತದ ಕಾಲಕ್ಕೆ ನೆರವು ದೊರೆಯುತ್ತದೆ. ನಿಮ್ಮ ಮೇಸ್ತ್ರಿಗೂ ಇದನ್ನು ತಿಳಿಸಿ.

ಬಂಧುಗಳೇ, ನಾಲ್ಕು ಗಳ, ಎರಡು ಹಲಗೆ, ಒಂದು ಸುರುಳಿ ಹಗ್ಗ ಹೆಚ್ಚಿಗೆ ತಂದರೆ ಖರ್ಚು ಅಲ್ಪ. ಕೆಲಸ ಮುಗಿದ ಮೇಲೆ ಅವು ಚಪ್ಪರಕ್ಕೋ ಬೇಲಿಗೋ ಒದಗುತ್ತವೆ. ನಾಳೆ ಬೆಳಗ್ಗೆ ಆಳುಗಳು ಬರುವ ಮೊದಲು ಬುಡ, ಗಳ, ಕಟ್ಟು, ಹಲಗೆ, ತಡೆ, ಏಣಿ, ತಂತಿ ಈ ಏಳನ್ನೂ ಬೆರಳು ಮಡಚಿ ಎಣಿಸಿ ನೋಡಿ. ಒಂದು ಸರಿಯಿಲ್ಲದಿದ್ದರೂ ಅದು ಸರಿಯಾಗುವವರೆಗೆ ಯಾರನ್ನೂ ಮೇಲೆ ಹತ್ತಿಸಬೇಡಿ.