ಅತಿಥಿಯ ಕಾರು, ಊರಿನ ಕರೆಂಟು

(ಸಾಗರ ತಾಲ್ಲೂಕಿನಲ್ಲಿ ಹೋಂಸ್ಟೇ ನಡೆಸುವವರು ಹಾಗೂ ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



2025ರ ಜುಲೈ ತಿಂಗಳಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಹಿನ್ನೀರಿನ ಆಚೆಯ ಜನ ಲಾಂಚಿಗಾಗಿ ದಡದಲ್ಲಿ ಕಾಯುತ್ತಿದ್ದ ದಶಕಗಳ ಬವಣೆ ತಪ್ಪಿತು. ಇದು ಸಂತೋಷದ ಸಂಗತಿ. ಆದರೆ ಅದೇ ದಾರಿಯಲ್ಲಿ ಪ್ರವಾಸಿಗರ ವಾಹನಗಳೂ ಬರುತ್ತಿವೆ. ಕೋಣೆ ಕೇಳಲು ಫೋನ್ ಮಾಡುವವರಲ್ಲಿ ಕೆಲವರು ಊಟದ ವಿಚಾರಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತಾರೆ: “ನಿಮ್ಮಲ್ಲಿ ಎಲೆಕ್ಟ್ರಿಕ್ ಕಾರು ಚಾರ್ಜ್ ಮಾಡುವ ವ್ಯವಸ್ಥೆ ಇದೆಯೇ?”

ಇದಕ್ಕೆ ನಾವು ಏನೆಂದು ಉತ್ತರಿಸಬೇಕು? ವ್ಯವಸ್ಥೆ ಇರಲಿ, ಆದರೆ ಅದು ನಿಧಾನವಾದದ್ದಾಗಿರಲಿ ಮತ್ತು ನೆರೆಹೊರೆಯವರನ್ನು ಕೇಳಿ ಹಾಕಿದ್ದಾಗಿರಲಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಹೊಗೆಯ ಲೆಕ್ಕವನ್ನು ನೋಡೋಣ. ಲೀಟರಿಗೆ 15 ಕಿ.ಮೀ. ಓಡುವ ಪೆಟ್ರೋಲ್ ಕಾರು 100 ಕಿ.ಮೀ. ಸಾಗಿದರೆ ಸುಮಾರು 15 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಷ್ಟೇ ದೂರಕ್ಕೆ ವಿದ್ಯುತ್ ಕಾರಿಗೆ ಸುಮಾರು 16 ಯೂನಿಟ್ ಬೇಕು. ನಮ್ಮ ದೇಶದ ಜಾಲದಲ್ಲಿ ಕಲ್ಲಿದ್ದಲಿನದೇ ಸಿಂಹಪಾಲಾದ್ದರಿಂದ ಒಂದು ಯೂನಿಟ್ಟಿಗೆ ಸರಾಸರಿ 0.7 ಕಿಲೋದಂತೆ 11 ಕಿಲೋ ಆಗುತ್ತದೆ. ಉಳಿತಾಯ ಇದೆ, ನಿಜ, ಆದರೆ ಶೂನ್ಯವಲ್ಲ. ಇದ್ದ ಪೆಟ್ರೋಲ್ ಕಾರಿನ ಬದಲು ವಿದ್ಯುತ್ ಕಾರು ಬಂದರೆ ಲಾಭ. ಚಾರ್ಜರ್ ಇದೆಯೆಂದು ಮೊದಲಿನ ಎರಡು ಕಾರುಗಳ ಜಾಗದಲ್ಲಿ ನಾಲ್ಕು ಬಂದರೆ ಆ ಲಾಭ ದಾರಿಯಲ್ಲೇ ಕರಗಿಹೋಗುತ್ತದೆ.

ಎರಡನೆಯದು ನಮ್ಮ ಊರಿನ ಟಿ.ಸಿ.ಯ ಲೆಕ್ಕ. ಹಳ್ಳಿಗಳಲ್ಲಿ 25 ಕೆ.ವಿ.ಎ.ಯ ಪರಿವರ್ತಕಗಳು ಸಾಮಾನ್ಯ. ಅದನ್ನು ಮೂರು ಫೇಸ್‌ಗಳಿಗೆ ಹಂಚಿದರೆ ಒಂದೊಂದಕ್ಕೆ ಎಂಟು ಚಿಲ್ಲರೆ ಬರುತ್ತದೆ. ಮಾರಾಟಗಾರರು ಗೋಡೆಗೆ ಹಾಕಿಕೊಡುವ ಸಿಂಗಲ್ ಫೇಸ್ ಚಾರ್ಜರ್ ಸಾಮಾನ್ಯವಾಗಿ 7.2 ಕಿಲೋವಾಟಿನದು. ಅಂದರೆ ಒಬ್ಬ ಅತಿಥಿಯ ಒಂದು ಕಾರು ಒಂದು ಫೇಸನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನುಂಗಬಲ್ಲದು. ಆಗ ಅದೇ ಫೇಸಿನಲ್ಲಿರುವ ಪಕ್ಕದ ಮನೆಯ ದೀಪ ಮಂಕಾಗುತ್ತದೆ, ಪರೀಕ್ಷೆಗೆ ಓದುವ ಹುಡುಗಿ ಪುಸ್ತಕ ಮುಚ್ಚಿಡುತ್ತಾಳೆ. ಬೇಸಿಗೆಯಲ್ಲಿ ತೋಟದ ಪಂಪು ಸರಿಯಾಗಿ ತಿರುಗುವುದಿಲ್ಲ. ಹೊರೆ ಇನ್ನೂ ಹೆಚ್ಚಿದರೆ ಟಿ.ಸಿ. ಸುಡುತ್ತದೆ. ಅತಿಥಿ ಮರುದಿನ ಹೊರಟುಹೋಗುತ್ತಾನೆ. ಕತ್ತಲು ಮಾತ್ರ ಊರಿಗೆ ಉಳಿಯುತ್ತದೆ.

ಇದಕ್ಕೆ ಪರಿಹಾರ ಕಷ್ಟವೇನಲ್ಲ. ಅತಿಥಿ ರಾತ್ರಿ ತಂಗುವವನು, ಅವನಿಗೆ ಅವಸರವಿಲ್ಲ. 16 ಆಂಪಿಯರ್ ಸಾಕೆಟ್ಟಿನಿಂದ ಸುಮಾರು 3.3 ಕಿಲೋವಾಟಿನಂತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ತುಂಬಿಸಿದರೆ 26 ಯೂನಿಟ್ ಆಗುತ್ತದೆ. ಅದರಿಂದ ಸುಮಾರು 150 ಕಿ.ಮೀ. ಓಡಬಹುದು; ಶಿವಮೊಗ್ಗ ದಾಟಲು ಅಷ್ಟು ಧಾರಾಳವಾಯಿತು. ವೇಗದ ಚಾರ್ಜರ್ ಇರಬೇಕಾದದ್ದು ಹೆದ್ದಾರಿಯ ಬದಿಯಲ್ಲಿ, ಮನೆಯ ಅಂಗಳದಲ್ಲಲ್ಲ.

ರಾತ್ರಿ ಹತ್ತರ ನಂತರ ಎಂದು ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಈ ಮಾತು ಶರಾವತಿ ಕಣಿವೆಯವರಾದ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ನಾಡಿಗೆ ಬೆಳಕು ಕೊಡಲು ನಮ್ಮ ಹಿರಿಯರು ಗದ್ದೆ, ತೋಟ, ದೇವಸ್ಥಾನಗಳನ್ನು ನೀರಿಗೆ ಬಿಟ್ಟು ಎದ್ದರು. ಅವರ ಮಕ್ಕಳಲ್ಲಿ ಅನೇಕರು ಇಂದಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿಗಳಿಗೆ ಅಲೆಯುತ್ತಿದ್ದಾರೆ. ಈಗ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಡಲಾಗಿದೆ. ಅದು ಸಿಂಗಳೀಕಗಳ ಅಭಯಾರಣ್ಯದ ಒಡಲನ್ನೇ ಹೊಕ್ಕುವಂಥದ್ದು. ಸಂಜೆಯ ಹೊತ್ತಿನ ಬೇಡಿಕೆಯನ್ನು ಪೂರೈಸಲು ಇದು ಅನಿವಾರ್ಯ ಎಂಬುದು ಅದರ ಪರವಾದ ಮುಖ್ಯ ವಾದ. ಹಾಗಿರುವಾಗ, ಸಂಜೆ ಏಳಕ್ಕೆ ಬಂದಿಳಿದ ಕಾರುಗಳಿಗೆಲ್ಲ ಆಗಲೇ ತಂತಿ ಸಿಕ್ಕಿಸಿದರೆ ಕಾಡನ್ನು ಅಗೆಯುವ ವಾದಕ್ಕೆ ನಾವೇ ಬಲ ತುಂಬಿದಂತಾಗುವುದಿಲ್ಲವೇ? ಬೇಡಿಕೆ ಇಳಿದ ನಡುರಾತ್ರಿಯಲ್ಲಿ, ಇಲ್ಲವೇ ಬಿಸಿಲು ಕಾಯುವ ನಡುಹಗಲಿನಲ್ಲಿ ತುಂಬಿಸಿದರೆ ಅದೇ ಯೂನಿಟ್ ಅಷ್ಟು ಭಾರವಾಗುವುದಿಲ್ಲ.

ಸೋಲಾರ್ ಹಾಕಿಸುತ್ತೇವೆ ಎನ್ನುವವರಿಗೂ ಒಂದು ಮಾತು. ಒಂದು ಕಿಲೋವಾಟ್ ಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ನಾಲ್ಕು ಯೂನಿಟ್ಟಿನಷ್ಟು ಕೊಡುತ್ತದೆ. ಆಷಾಢದ ಮಳೆಯಲ್ಲಿ ಆ ಭರವಸೆ ಬೇಡ. ಫಲಕಕ್ಕೆ ನೆರಳಾಗುತ್ತದೆಂದು ಹಲಸಿನ ಮರವನ್ನು ಕಡಿದರೆ ಅದನ್ನು ಹಸಿರು ಕೆಲಸ ಎಂದು ಕರೆಯಲು ಬಾಯಿ ಬರಬಾರದು.

ಕೊನೆಯದಾಗಿ ಜೀವದ ಪ್ರಶ್ನೆ. ಅಡುಗೆಮನೆಯ ಪ್ಲಗ್ಗಿನಿಂದ ಎಕ್ಸ್‌ಟೆನ್ಶನ್ ವಯರ್ ಎಳೆದು ಕಿಟಕಿಯಲ್ಲಿ ತೂರಿಸಿ ಕಾರಿಗೆ ಕೊಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆಳಗಾಗುವಷ್ಟರಲ್ಲಿ ಆ ಪ್ಲಗ್ ಕರಗಿತ್ತು. ಗಂಟೆಗಟ್ಟಲೆ ಪೂರ್ಣ ಹೊರೆ ಹೊರಲು ಅದು ಮಾಡಿದ್ದಲ್ಲ. ಕಾರಿಗೆಂದೇ ಮೀಟರ್ ಬೋರ್ಡಿನಿಂದ ಪ್ರತ್ಯೇಕ ದಪ್ಪ ತಂತಿ, ಮಳೆ ತಾಗದ ಮಾಡು, ಸರಿಯಾದ ಅರ್ತಿಂಗ್, 30 ಮಿಲಿ ಆಂಪಿಯರಿಗೆ ಬೀಳುವ ಆರ್‌ಸಿಸಿಬಿ, ಇಷ್ಟು ಇರಲೇಬೇಕು. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತಿಂಗ್ ದುರ್ಬಲವಾಗುತ್ತದೆ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಸಿಡಿಲು ಗುಡುಗಿದಾಗ ತಂತಿ ಬಿಚ್ಚಿಡಿ.

ಹಣ ಪಡೆಯಲು ಸಂಕೋಚ ಬೇಡ. ಚಾರ್ಜ್ ಮಾಡಿಕೊಡುವುದು ಒಂದು ಸೇವೆ, ಅದು ವಿದ್ಯುತ್ ಮಾರಾಟವಲ್ಲ, ಲೈಸೆನ್ಸ್ ಬೇಕಿಲ್ಲ ಎಂದು ಕೇಂದ್ರದ ವಿದ್ಯುತ್ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿದೆ. ಆದರೆ ನಿಮ್ಮ ಮಂಜೂರಾದ ಲೋಡ್ ಎಷ್ಟು, ಮೀಟರ್ ಯಾವ ದರದ್ದು ಎಂಬುದನ್ನು ಮೆಸ್ಕಾಂ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ವಿದ್ಯಾರ್ಥಿ ಮಿತ್ರರೇ, ನಿಮಗೊಂದು ಕೆಲಸ ಒಪ್ಪಿಸುತ್ತೇನೆ. ನಿಮ್ಮ ಊರಿನ ಟಿ.ಸಿ. ಎಷ್ಟು ಕೆ.ವಿ.ಎ.ಯದು, ಅದರ ಮೇಲೆ ಎಷ್ಟು ಮನೆ, ಎಷ್ಟು ಪಂಪು, ಎಷ್ಟು ಹೋಂಸ್ಟೇ ಇವೆ ಎಂದು ಒಂದು ಹಾಳೆಯಲ್ಲಿ ಬರೆದು ಮುಂದಿನ ಗ್ರಾಮಸಭೆಗೆ ತನ್ನಿ. ಅಲ್ಲಿ ಎಲ್ಲರೂ ಕುಳಿತು, ಒಂದು ರಾತ್ರಿಗೆ ಎಷ್ಟು ಕಾರು ಎಂಬುದನ್ನು ತೀರ್ಮಾನಿಸೋಣ. ನಾಡಿಗೆಲ್ಲ ಬೆಳಕು ಕೊಟ್ಟ ಊರು ತನ್ನ ಪಾಲಿನ ಬೆಳಕಿನ ಲೆಕ್ಕವನ್ನು ತಾನೇ ಇಟ್ಟುಕೊಳ್ಳಲಿ.