ಹರ್ಮನ್ ಬೆಟ್ಟದ ವಿದ್ಯಾಶಾಲೆ
(ಶ್ರೀಮಠದ ಮಹೋತ್ಸವದ ವಿದ್ಯಾರ್ಥಿ ಸಮ್ಮೇಳನದಲ್ಲಿ ಮಾಡಿದ ಭಾಷಣ)



ಶ್ರೀಮಠದ ಈ ಮಂಗಲಮಹೋತ್ಸವದಲ್ಲಿ ವಿದ್ಯೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಗಿದೆ. ನಮ್ಮ ಮಠಗಳ ಅನ್ನದಾನ ವಿದ್ಯಾದಾನಗಳ ಹಿರಿಮೆಯನ್ನು ತಮ್ಮ ಮುಂದೆ ವರ್ಣಿಸಹೊರಡುವುದು ಹೂವಾಡಗಿತ್ತಿಗೆ ಹೂವಿನ ಪರಿಮಳವನ್ನು ಹೇಳಿಕೊಟ್ಟಂತಾದೀತು. ಅದಕ್ಕಾಗಿ ನಾನು ಇಂದು ದೂರದ ಒಂದು ನಾಡಿನ, ಅನ್ಯ ಧರ್ಮದವರು ಕಟ್ಟಿದ ಒಂದು ವಿದ್ಯಾಶಾಲೆಯ ವೃತ್ತಾಂತವನ್ನು ತಮ್ಮ ಅವಗಾಹನೆಗೆ ತರಬೇಕೆಂದಿದ್ದೇನೆ. ನೆರೆಮನೆಯ ದೀಪವನ್ನು ನೋಡಿ ನಮ್ಮ ಮನೆಯ ದೀಪದ ಬತ್ತಿಯನ್ನು ಸರಿಪಡಿಸಿಕೊಳ್ಳುವುದರಲ್ಲಿ ಕುಂದೇನೂ ಇಲ್ಲವಷ್ಟೆ.

ಅಮೇರಿಕಾ ದೇಶದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಕನೆಕ್ಟಿಕಟ್ ಎಂಬ ನದಿಯು ಬೆಟ್ಟಸಾಲುಗಳ ನಡುವೆ ಹರಿದು ಬರುತ್ತದೆ. ಆ ನದಿಯ ದಡದಲ್ಲಿರುವ ನಾರ್ತ್‌ಫೀಲ್ಡ್ ಎಂಬ ಹಳ್ಳಿಯಲ್ಲಿ 1837ನೆಯ ಇಸವಿ ಫೆಬ್ರವರಿ 5ರಂದು ಡ್ವೈಟ್ ಮೂಡಿ ಎಂಬವರು ಜನಿಸಿದರು. ಇವರ ತಂದೆ ಇಟ್ಟಿಗೆ ಕಲ್ಲುಗಳ ಗೋಡೆ ಕಟ್ಟುವ ಕೆಲಸಗಾರ. ಮಗನಿಗೆ ನಾಲ್ಕು ವರ್ಷ ತುಂಬಿದ್ದಾಗ, 1841ರಲ್ಲಿ, ತಂದೆಯು ಅಕಸ್ಮಾತ್ತಾಗಿ ತೀರಿಕೊಂಡನು. ವಿಧವೆಯಾದ ತಾಯಿಗೆ ಉಳಿದದ್ದು ಸಾಲವೂ ಮಕ್ಕಳೂ ಮಾತ್ರ. ಸಾಲಗಾರರು ಮನೆಯೊಳಗಿನ ಸೌದೆಯನ್ನೂ ಬಿಡದೆ ಒಯ್ದರೆಂದು ಅವರ ಚರಿತ್ರೆಯು ಹೇಳುತ್ತದೆ. ಇಂತಹ ಮನೆಯ ಹುಡುಗನಿಗೆ ಓದು ಎಷ್ಟು ದೊರೆತೀತು? ಕೆಲವೇ ವರ್ಷಗಳ ಹಳ್ಳಿಯ ಶಾಲೆಯ ಪಾಠ, ಅಷ್ಟರೊಳಗೇ ಮುಗಿಯಿತು. ಹದಿನೇಳನೆಯ ವಯಸ್ಸಿನಲ್ಲಿ ಬಾಸ್ಟನ್ ನಗರಕ್ಕೆ ಹೋಗಿ ಸೋದರಮಾವನ ಪಾದರಕ್ಷೆಯ ಅಂಗಡಿಯಲ್ಲಿ ದುಡಿಮೆಗೆ ನಿಂತರು. ಅನಂತರ ಶಿಕಾಗೋ ನಗರದಲ್ಲಿ ಬೀದಿಯ ಬಡಮಕ್ಕಳನ್ನು ಕೂಡಿಸಿ ಭಾನುವಾರದ ಶಾಲೆಯನ್ನು ನಡೆಸಿ, ಕ್ರಮೇಣ ತಮ್ಮ ಧರ್ಮದ ಪ್ರಖ್ಯಾತ ಬೋಧಕರಾದರು. ತಾವು ಪಡೆಯದ ವಿದ್ಯೆಯು ತಮ್ಮಂತಹ ಬಡವರ ಮಕ್ಕಳಿಗೆ ದೊರೆಯಬೇಕೆಂಬ ಹಂಬಲ ಮಾತ್ರ ಅವರನ್ನು ಬಿಡಲಿಲ್ಲ.

ಒಮ್ಮೆ ಅವರು ತಮ್ಮ ಸಹೋದರನೊಡನೆ ಗುಡ್ಡದ ದಾರಿಯಲ್ಲಿ ಗಾಡಿಯಲ್ಲಿ ಹೋಗುತ್ತಿರುವಾಗ ಒಂದು ಗುಡಿಸಲಿನ ಬಾಗಿಲಲ್ಲಿ ತಾಯಿಯೂ ಹೆಣ್ಣುಮಕ್ಕಳೂ ಕುಳಿತು ಹುಲ್ಲಿನ ಟೋಪಿಗಳನ್ನು ಹೆಣೆಯುತ್ತಿದ್ದುದನ್ನು ಕಂಡರಂತೆ. ತಂದೆಯು ಪಾರ್ಶ್ವವಾಯುಪೀಡಿತನಾಗಿದ್ದನು, ಆ ಹೆಣಿಗೆಯಿಂದಲೇ ಸಂಸಾರ ಸಾಗಬೇಕಾಗಿತ್ತು. ಬುದ್ಧಿಯುಳ್ಳ ಈ ಹೆಣ್ಣುಮಕ್ಕಳಿಗೆ ಆ ಬೆಟ್ಟದಿಂದಾಚೆಗೆ ದಾರಿಯೇ ಇಲ್ಲವೆಂಬುದನ್ನು ನೋಡಿ ಮೂಡಿಯವರ ಮನಸ್ಸು ನೊಂದಿತು. ಹೀಗೆ 1879ರಲ್ಲಿ ನಾರ್ತ್‌ಫೀಲ್ಡ್ ಕನ್ಯಾವಿದ್ಯಾಲಯವು 25 ಮಂದಿ ಬಾಲಿಕೆಯರಿಂದ ಆರಂಭವಾಯಿತು. ಶಾಲೆಯ ಕಟ್ಟಡವಿನ್ನೂ ಮುಗಿದಿರಲಿಲ್ಲವಾದುದರಿಂದ ಮೂಡಿಯವರು ತಮ್ಮ ಸ್ವಂತ ಮನೆಯನ್ನೇ ಬಿಟ್ಟುಕೊಟ್ಟರು. ಎರಡು ವರ್ಷಗಳ ತರುವಾಯ, 1881ರಲ್ಲಿ, ನದಿಯ ಆಚೆಯ ದಡದಲ್ಲಿ ಬಾಲಕರ ಶಾಲೆಯು ಹುಟ್ಟಿತು. ಇದಕ್ಕೆ 25,000 ಡಾಲರುಗಳನ್ನು ದಾನಮಾಡಿದ ಹೈರಮ್ ಕ್ಯಾಂಪ್ ಎಂಬ ಗಡಿಯಾರ ತಯಾರಿಸುವ ವರ್ತಕರು ‘ಮೌಂಟ್ ಹರ್ಮನ್’ ಎಂಬ ಹೆಸರನ್ನು ಸೂಚಿಸಿದರು. ಸಹೋದರರು ಒಂದಾಗಿ ಬಾಳುವುದರ ಸೊಗಸನ್ನು ಹರ್ಮನ್ ಬೆಟ್ಟದ ಮಂಜಿನ ಹನಿಗೆ ಹೋಲಿಸಿರುವ ಒಂದು ಕೀರ್ತನೆಯು ಅವರ ಧರ್ಮಗ್ರಂಥದಲ್ಲಿರುವುದೇ ಈ ಹೆಸರಿಗೆ ಕಾರಣ.

ಇದು ಕಾಲೇಜಿಗೆ ವಿದ್ಯಾರ್ಥಿಗಳನ್ನು ಅಣಿಮಾಡುವ ಪ್ರೌಢಶಾಲೆ. ಆ ದೇಶದಲ್ಲಿ ಹೆಸರಾಂತ ಕಾಲೇಜುಗಳನ್ನು ಸೇರಲು ಗಟ್ಟಿಯಾದ ಪೂರ್ವಸಿದ್ಧತೆ ಬೇಕು. ಅದನ್ನು ಕೊಡುವ ವಸತಿಶಾಲೆಗಳು ಬಹುಕಾಲ ಶ್ರೀಮಂತರ ಮಕ್ಕಳ ಸೊತ್ತಾಗಿದ್ದವು. ಮೂಡಿಯವರು ಆ ಬಾಗಿಲನ್ನು ಬಡವರಿಗೆ ತೆರೆದರು. ಮೊದಮೊದಲು ಮೌಂಟ್ ಹರ್ಮನ್ನಿನಲ್ಲಿ ಚಿಕ್ಕ ಹುಡುಗರಿದ್ದರು. ಕೆಲವೇ ವರ್ಷಗಳಲ್ಲಿ ಹದಿನಾರು ವಯಸ್ಸು ದಾಟಿದವರನ್ನು ಮಾತ್ರ ಸೇರಿಸಿಕೊಳ್ಳುವ ನಿಯಮವಾಯಿತು. ಹೊಲದಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿಯುತ್ತ ಓದುವ ವಯಸ್ಸನ್ನು ಕಳೆದುಕೊಂಡ ತರುಣರು ಅಲ್ಲಿಗೆ ಬಂದು, ತಮಗಿಂತ ಕಿರಿಯರ ಸಾಲಿನಲ್ಲಿ ನಾಚದೆ ಕುಳಿತು ಇಂಗ್ಲಿಷು, ಲ್ಯಾಟಿನ್, ಗಣಿತ, ವಿಜ್ಞಾನಗಳನ್ನು ಕಲಿತರು. ಇವೆಲ್ಲಕ್ಕೂ ನಡುಗಂಬವಾಗಿ ಬೈಬಲ್ ಗ್ರಂಥದ ಅಧ್ಯಯನವಿತ್ತು.

ಶುಲ್ಕದ ಏರ್ಪಾಟನ್ನು ತಾವು ಗಮನಿಸತಕ್ಕದ್ದು. ಊಟ, ವಸತಿ, ಪಾಠಗಳೆಲ್ಲ ಸೇರಿ ವರ್ಷಕ್ಕೆ 100 ಡಾಲರು ಮಾತ್ರ. ಇದು ನಿಜವಾದ ವೆಚ್ಚದ ಅರ್ಧದಷ್ಟು. ಉಳಿದರ್ಧವನ್ನು ಮೂಡಿಯವರು ಧನಿಕರ ಮನೆಬಾಗಿಲಿಗೆ ಹೋಗಿ ಭಿಕ್ಷೆಯಾಗಿ ತರುತ್ತಿದ್ದರು. ತಮ್ಮ ಸಭೆಗಳಲ್ಲಿ ಹಾಡುತ್ತಿದ್ದ ಕೀರ್ತನೆಗಳ ಪುಸ್ತಕದ ಮಾರಾಟದಿಂದ ಬಂದ ಗೌರವಧನವನ್ನು ತಮಗಾಗಲಿ ತಮ್ಮ ಗಾಯಕ ಮಿತ್ರರಾದ ಸ್ಯಾಂಕಿಯವರಿಗಾಗಲಿ ಇಟ್ಟುಕೊಳ್ಳದೆ, ಅದರಲ್ಲಿ ಬಹುಭಾಗವನ್ನು ಈ ಶಾಲೆಗಳಿಗೆ ಸಲ್ಲಿಸಿದರು. ಜೋಳಿಗೆ ಹಿಡಿದು ಊರೂರು ಸುತ್ತಿ ಪ್ರಸಾದನಿಲಯಗಳನ್ನು ಕಟ್ಟಿದ ನಮ್ಮ ಸ್ವಾಮಿಗಳವರನ್ನು ಕಂಡವರಿಗೆ ಈ ಮಾತು ಹೊಸದೆನಿಸದು.

ಆದರೆ ಈ ಶಾಲೆಯ ವೈಶಿಷ್ಟ್ಯವಿರುವುದು ಅಲ್ಲಿಯ ದುಡಿಮೆಯಲ್ಲಿ. ಮೌಂಟ್ ಹರ್ಮನ್ನಿನಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಪಾಠದ ಜೊತೆಗೆ ದಿನವೂ ನಿಯಮಿತ ಕಾಲ ಮೈಮುರಿದು ಕೆಲಸಮಾಡಲೇಬೇಕಾಗಿತ್ತು. ಒಬ್ಬನು ಹಸುಗಳ ಹಾಲು ಕರೆದನು. ಒಬ್ಬನು ಹೊಲದಲ್ಲಿ ಕಳೆ ಕಿತ್ತನು. ಒಬ್ಬನು ಅಡಿಗೆಯ ಮನೆಯಲ್ಲಿ ಪಾತ್ರೆ ಬೆಳಗಿದನು. ಇನ್ನೊಬ್ಬನು ಎಲ್ಲರ ಬಟ್ಟೆ ಒಗೆದನು. ಬಾಲಿಕೆಯರ ಶಾಲೆಯಲ್ಲಿಯೂ ಮನೆಗೆಲಸವೆಲ್ಲವನ್ನೂ ವಿದ್ಯಾರ್ಥಿನಿಯರೇ ಹಂಚಿಕೊಂಡು ಮಾಡಿದರು. ಇದರಿಂದ ವೆಚ್ಚ ತಗ್ಗಿತೆಂಬುದು ಮೊದಲ ಲಾಭ. ಅದಕ್ಕಿಂತ ಹಿರಿದಾದ ಲಾಭ ಇನ್ನೊಂದುಂಟು. ಬಡವನಿಗೆ ಮಾತ್ರ ಕೆಲಸವನ್ನು ಹಚ್ಚಿ ಧನಿಕನನ್ನು ಕುಳ್ಳಿರಿಸಿದ್ದರೆ ಅದು ಜೀತವೆನಿಸುತ್ತಿತ್ತು. ತಪ್ಪು ಮಾಡಿದವನಿಗೆ ಮಾತ್ರ ಹಚ್ಚಿದ್ದರೆ ದಂಡನೆಯೆನಿಸುತ್ತಿತ್ತು. ಎಲ್ಲರಿಗೂ ಸಮನಾಗಿ ಹಚ್ಚಿದುದರಿಂದಲೇ ಅದು ಶಿಕ್ಷಣವಾಯಿತು. ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲಿ ಕಾಯಕವೆಂದು ಕರೆದ ತತ್ತ್ವದ ನೆರಳನ್ನು ಇಲ್ಲಿ ಯಾರಾದರೂ ಗುರುತಿಸಬಲ್ಲರು. ಹಗ್ಗ ಹೊಸೆಯುವ ನುಲಿಯ ಚಂದಯ್ಯನವರೂ ಅರಸನ ಭಂಡಾರವನ್ನು ನೋಡಿಕೊಂಡ ಬಸವಣ್ಣನವರೂ ಅನುಭವಮಂಟಪದಲ್ಲಿ ಒಂದೇ ಪಂಕ್ತಿಯವರಾಗಿರಲಿಲ್ಲವೆ?

ಫಲವೇನಾಯಿತೆಂಬುದಕ್ಕೆ ಎರಡು ನಿದರ್ಶನಗಳು ಸಾಕು. 1860ರಲ್ಲಿ ವರ್ಜೀನಿಯಾ ಸಂಸ್ಥಾನದಲ್ಲಿ ಗುಲಾಮ ತಾಯಿತಂದೆಗಳ ಮಗನಾಗಿ ಹುಟ್ಟಿದ ಥಾಮಸ್ ನೆಲ್ಸನ್ ಬೇಕರ್ ಎಂಬವರು ಇಪ್ಪತ್ತೈದು ವರ್ಷ ದಾಟಿದ ಮೇಲೆ ಈ ಶಾಲೆಗೆ ಬಂದು, 1889ರಲ್ಲಿ ಇಲ್ಲಿಯ ಓದನ್ನು ಮುಗಿಸಿದರು. 1903ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ತತ್ತ್ವಶಾಸ್ತ್ರದ ಡಾಕ್ಟರೇಟನ್ನು ಪಡೆದರು. ಆ ವಿಷಯದಲ್ಲಿ ಅಮೇರಿಕಾ ದೇಶದಲ್ಲಿ ಆ ಪದವಿಯನ್ನು ಪಡೆದ ಕರಿಯ ಅಮೇರಿಕನ್ನರಲ್ಲಿ ಇವರೇ ಮೊದಲಿಗರು. 1893ರಲ್ಲಿ ಇಲ್ಲಿಂದ ಹೊರಬಿದ್ದ ಲೀ ಡಿ ಫಾರೆಸ್ಟ್ ಎಂಬವರು 1906ರಲ್ಲಿ ಆಡಿಯಾನ್ ಎಂಬ ನಿರ್ವಾತನಳಿಗೆಯನ್ನು ನಿರ್ಮಿಸಿದರು. ರೇಡಿಯೋ ಯಂತ್ರದ ಬೆಳವಣಿಗೆಗೆ ಅದು ಬುನಾದಿಯಾಯಿತು.

ನಮ್ಮ ನಾಡಿನ ನೆರೆಗೂ ಈ ಶಾಲೆಗೂ ಒಂದು ಸಂಬಂಧವುಂಟು. 1886ರ ಬೇಸಗೆಯಲ್ಲಿ ಮೌಂಟ್ ಹರ್ಮನ್ನಿನಲ್ಲಿ ಸುಮಾರು 250 ಮಂದಿ ಕಾಲೇಜು ವಿದ್ಯಾರ್ಥಿಗಳ ಸಮ್ಮೇಳನ ನೆರೆಯಿತು. ಅದರ ಕೊನೆಗೆ 100 ಮಂದಿ ತರುಣರು ಪರದೇಶಗಳಿಗೆ ಹೋಗಿ ತಮ್ಮ ಧರ್ಮಸೇವೆ ಮಾಡುವೆವೆಂದು ಸಂಕಲ್ಪಿಸಿದರು. ಅವರನ್ನು ಹುರಿದುಂಬಿಸಿದ ರಾಬರ್ಟ್ ವೈಲ್ಡರ್ ಎಂಬ ತರುಣನು ಹುಟ್ಟಿದ್ದು ನಮ್ಮ ಗಡಿಗೆ ತಾಗಿರುವ ಕೊಲ್ಲಾಪುರದಲ್ಲಿ, 1863ರಲ್ಲಿ. ಅವನ ತಂದೆಯು ಅಲ್ಲಿ ಮಿಶನರಿಯಾಗಿದ್ದನು. ಅವರ ಮತಪ್ರಚಾರದ ವಿಷಯದಲ್ಲಿ ನಮಗೆ ನಮ್ಮದೇ ಅಭಿಪ್ರಾಯವಿರಬಹುದು. ಆದರೂ ಒಂದು ಪ್ರೌಢಶಾಲೆಯ ಅಂಗಳದಲ್ಲಿ ನೂರು ಮಂದಿ ತರುಣರು ಸುಖದ ಜೀವನವನ್ನು ಬಿಟ್ಟು ಸೇವೆಗೆ ನಿಲ್ಲುವ ಮನಸ್ಸು ಮಾಡಿದರೆಂಬುದು ಯಾವ ಮತದವರಾದರೂ ಯೋಚಿಸತಕ್ಕ ಸಂಗತಿ.

ಮಹನೀಯರೇ, ಹೊಗಳಿಕೆಯನ್ನಷ್ಟೇ ಹೇಳಿ ಮುಗಿಸಿದರೆ ನಾನು ತಮಗೆ ಅರ್ಧಸತ್ಯವನ್ನು ಮಾತ್ರ ಒಪ್ಪಿಸಿದಂತಾದೀತು. ಈ ಶಾಲೆಯ ಚರಿತ್ರೆಯಲ್ಲಿ ನಮ್ಮನ್ನು ಎಚ್ಚರಿಸುವ ಎರಡು ಸಂಗತಿಗಳಿವೆ.

ಮೊದಲನೆಯದು ನ್ಯಾಯದ ವಿಷಯ. ಜೆರೂಸಲೇಮಿನಲ್ಲಿ ಹುಟ್ಟಿ ಕೈರೋ ನಗರದಲ್ಲಿ ಬೆಳೆದ ಎಡ್ವರ್ಡ್ ಸಯೀದ್ ಎಂಬ ಅರಬ್ ಬಾಲಕನು 1951ರಲ್ಲಿ ಮೌಂಟ್ ಹರ್ಮನ್ನನ್ನು ಸೇರಿದನು. ಮುಂದೆ ಇವರು ಜಗತ್ಪ್ರಸಿದ್ಧ ವಿದ್ವಾಂಸರಾದರು. 1999ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಅವರು ಆ ಶಾಲೆಯ ದಿನಗಳನ್ನು ಬಹು ನೋವಿನಿಂದ ನೆನೆದಿದ್ದಾರೆ. ತರಗತಿಯಲ್ಲಿ ಅಂಕಗಳ ಪ್ರಕಾರ ಅಗ್ರಗಣ್ಯರಲ್ಲಿದ್ದರೂ 1953ರ ಪದವಿಪ್ರದಾನದಲ್ಲಿ ಅಗ್ರಸ್ಥಾನದ ಗೌರವವು ತಮಗೆ ದೊರೆಯಲಿಲ್ಲ. ಓದಿನಲ್ಲಿ ಕೊರತೆಯಿಲ್ಲದಿದ್ದರೂ ಶೀಲದ ಅಳತೆಗೋಲಿನಲ್ಲಿ ತಮ್ಮನ್ನು ಕೆಳಗಿಳಿಸಿದರು ಎಂಬುದು ಅವರ ಅಳಲು. ಕಸ ಗುಡಿಸುವುದರಲ್ಲಿ ಎಲ್ಲರೂ ಸಮಾನರೆಂದು ಬೋಧಿಸಿದ ಶಾಲೆಯಲ್ಲಿ ಹೊರನಾಡಿನ ಹುಡುಗನೊಬ್ಬನಿಗೆ ತಾನು ಸಮಾನನಲ್ಲವೆಂಬ ಭಾವ ಸುಮಾರು ಐವತ್ತು ವರ್ಷ ಉಳಿಯಿತು. ಮಕ್ಕಳ ಗುಣವನ್ನು ಅಳೆಯುವ ಅಧಿಕಾರವು ಗುರುಗಳ ಕೈಯಲ್ಲಿರುವಲ್ಲೆಲ್ಲ ಈ ಅಪಾಯವುಂಟು. ನಮ್ಮ ಪ್ರಸಾದನಿಲಯಗಳಲ್ಲಿ ಬೇರೆ ಜಾತಿಯ, ಬೇರೆ ಮತದ ಬಾಲಕರೂ ಉಣ್ಣುತ್ತಾರೆ, ಓದುತ್ತಾರೆ. ಅವರು ಐವತ್ತು ವರ್ಷಗಳ ಮೇಲೆ ನಮ್ಮನ್ನು ಹೇಗೆ ನೆನೆದಾರು? ಊಟದಲ್ಲಿ ಸಮತೆಯನ್ನು ತೋರಿಸುವುದು ಸುಲಭ. ಆದರದಲ್ಲಿ ಸಮತೆಯನ್ನು ತೋರಿಸುವುದು ಕಷ್ಟ.

ಎರಡನೆಯದು ಹಣದ ವಿಷಯ. ಮೂಡಿಯವರು 1899ರ ಡಿಸೆಂಬರ್ 22ರಂದು ಕಾಲವಾದರು. ಹೆನ್ರಿ ಕಟ್ಲರ್ ಎಂಬವರು 1890ರಿಂದ 1932ರ ವರೆಗೆ ಮೌಂಟ್ ಹರ್ಮನ್ನಿನ ಮುಖ್ಯಾಧ್ಯಾಪಕರಾಗಿದ್ದು ಅದನ್ನು ಬೆಳೆಸಿದರು. 1971ರಲ್ಲಿ ಬಾಲಕರ ಮತ್ತು ಬಾಲಿಕೆಯರ ಶಾಲೆಗಳೆರಡೂ ಒಂದಾದವು. 2005ರಲ್ಲಿ ನಾರ್ತ್‌ಫೀಲ್ಡ್ ದಡದ ಆವರಣವನ್ನು ತೆರವುಮಾಡಿ ಎಲ್ಲರನ್ನೂ ಮೌಂಟ್ ಹರ್ಮನ್ನಿನಲ್ಲಿಯೇ ಸೇರಿಸಿದರು. ಇಂದು ಅದು ಎಲ್ಲ ಮತದವರಿಗೂ ತೆರೆದ ಶಾಲೆ. ಪ್ರತಿ ವಿದ್ಯಾರ್ಥಿಯೂ ವಾರದಲ್ಲಿ ಕೆಲವು ಗಂಟೆ ಭೋಜನಶಾಲೆಯಲ್ಲಿಯೋ ತೋಟದಲ್ಲಿಯೋ ಗ್ರಂಥಾಲಯದಲ್ಲಿಯೋ ದುಡಿಯುವ ಪದ್ಧತಿ ಈಗಲೂ ನಿಂತಿಲ್ಲ; ಇದು ಮೆಚ್ಚತಕ್ಕ ಸಂಗತಿಯೇ ಸರಿ. ಆದರೆ 100 ಡಾಲರಿನಿಂದ ಆರಂಭವಾದ ಶಾಲೆಯಲ್ಲಿ ಇಂದು ವಸತಿ ವಿದ್ಯಾರ್ಥಿಯ ವಾರ್ಷಿಕ ಶುಲ್ಕವು 60,000 ಡಾಲರುಗಳನ್ನು ಮೀರಿದೆ. ಕೆಲವರಿಗೆ ಧನಸಹಾಯವುಂಟು, ನಿಜ. ಕಾಲಮಾನದ ಬೆಲೆಯೇರಿಕೆಯೂ ನಿಜ. ಆದರೂ ಟೋಪಿ ಹೆಣೆಯುತ್ತಿದ್ದ ಆ ಹೆಣ್ಣುಮಕ್ಕಳು ಇಂದು ಅದೇ ಗುಡಿಸಲಿನ ಬಾಗಿಲಲ್ಲಿದ್ದರೆ ಆ ಶಾಲೆಯ ಮೆಟ್ಟಲನ್ನು ಹತ್ತುವುದು ಸುಲಭವೆ? ಬಡವರಿಗಾಗಿ ಕಟ್ಟಿದ ಮನೆಯನ್ನು ಯಾರೂ ದುಷ್ಟಬುದ್ಧಿಯಿಂದ ಬಡವರಿಗೆ ಮುಚ್ಚುವುದಿಲ್ಲ. ಒಳ್ಳೆಯ ಕಟ್ಟಡ ಬೇಕು, ಒಳ್ಳೆಯ ಉಪಾಧ್ಯಾಯರು ಬೇಕು, ಒಳ್ಳೆಯ ಹೆಸರು ಬೇಕು ಎನ್ನುತ್ತ ವರ್ಷ ವರ್ಷಕ್ಕೆ ಹೊಸ್ತಿಲು ಅಂಗುಲದಷ್ಟು ಎತ್ತರವಾಗುತ್ತದೆ. ಒಳಗಿರುವವರಿಗೆ ಅದು ಕಾಣುವುದೇ ಇಲ್ಲ.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ದಿನದ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಬಿದ್ದಲ್ಲಿಯೇ ಸುರಿದು ಬರುವಂತೆ ಹೇಳಿದರು. ಸಂಸ್ಥೆಗಳಿಗೂ ಒಬ್ಬ ಲಕ್ಕಮ್ಮ ಬೇಕು. ಶ್ರೀಮಠದ ವಿದ್ಯಾಸಂಸ್ಥೆಗಳು ಬೆಳೆದಂತೆಲ್ಲ, ‘ಇದು ದಾಸೋಹಕ್ಕೆ ಬೇಕಾದದ್ದೋ, ಆಡಂಬರಕ್ಕೆ ಬೇಕಾದದ್ದೋ’ ಎಂದು ಕೇಳುವ ಧೈರ್ಯ ಭಕ್ತಮಂಡಲಿಗೆ ಇರತಕ್ಕದ್ದು.

ಪಾಲಕರಲ್ಲಿ ನನ್ನದೊಂದು ಬಿನ್ನಹವಿದೆ. ‘ನಮ್ಮ ಮಕ್ಕಳನ್ನು ಓದಲು ಕಳಿಸಿದ್ದೇವೆ, ಕಸ ಗುಡಿಸಲು ಕಳಿಸಿಲ್ಲ’ ಎಂಬ ಮಾತು ಈಚೆಗೆ ಅಲ್ಲಲ್ಲಿ ಕೇಳಿಬರುತ್ತಿದೆ. ಮಗುವಿನ ಓದನ್ನು ಕಸಿದುಕೊಳ್ಳುವ ಕೆಲಸವನ್ನು, ಒಬ್ಬನಿಗೆ ಹೊರಿಸಿ ಇನ್ನೊಬ್ಬನನ್ನು ಬಿಡುವ ಕೆಲಸವನ್ನು, ಅವಮಾನಕ್ಕಾಗಿ ಹಚ್ಚುವ ಕೆಲಸವನ್ನು ತಾವು ವಿರೋಧಿಸಿರಿ. ಅದು ತಮ್ಮ ಹಕ್ಕು. ಆದರೆ ತಾನುಂಡ ತಟ್ಟೆಯನ್ನು ತಾನೇ ತೊಳೆಯುವುದನ್ನೂ ತಾನು ಮಲಗುವ ಕೋಣೆಯನ್ನು ತಾನೇ ಗುಡಿಸುವುದನ್ನೂ ಸರದಿಯಂತೆ ಸಹಪಾಠಿಗಳಿಗೆ ಬಡಿಸುವುದನ್ನೂ ಮಕ್ಕಳಿಂದ ತಪ್ಪಿಸಬೇಡಿರಿ. ವಿದ್ಯಾರ್ಥಿಗಳೇ, ನೀವು ನಾಳೆ ವೈದ್ಯರೋ ಅಧಿಕಾರಿಗಳೋ ಆದಾಗ, ನಿಮ್ಮ ಮುಂದೆ ಕೈಮುಗಿದು ನಿಂತ ದುಡಿಯುವವನ ಕೈಯ ಬೊಬ್ಬೆಯನ್ನು ಅರಿಯಬೇಕಾದರೆ ಇಂದು ನಿಮ್ಮ ಕೈಯೂ ಸ್ವಲ್ಪ ಒರಟಾಗಿರಬೇಕು.

ಸಮುದ್ರದಾಚೆಯ ಆ ಬೆಟ್ಟದ ಶಾಲೆಯಿಂದ ದುಡಿಮೆಯ ಸಮತೆಯನ್ನು ನಾವು ಸಂತೋಷದಿಂದ ಸ್ವೀಕರಿಸೋಣ. ಹೊಸ್ತಿಲು ಎತ್ತರವಾದ ಕಥೆಯನ್ನು ಎಚ್ಚರಿಕೆಯಾಗಿ ನೆನಪಿನಲ್ಲಿಡೋಣ. ಶ್ರೀಮಠದ ಪ್ರಸಾದನಿಲಯದ ಬಾಗಿಲು ಇಂದಿನಂತೆಯೇ ಮುಂದಿನ ಮಹೋತ್ಸವದ ದಿನವೂ ಬರಿಗಾಲಿನಲ್ಲಿ ಬಂದ ಹುಡುಗನಿಗೆ ಸರಾಗವಾಗಿ ತೆರೆದಿರಲೆಂದು ಶ್ರೀಗುರುಚರಣಗಳಲ್ಲಿ ಬೇಡಿಕೊಳ್ಳುತ್ತೇನೆ.