ಎರಡನೆಯ ಗೋಲಿ

ಕೊಡಗಿನಲ್ಲಿ ಹಾಕಿಯ ಮಾತು ಬಂದರೆ ಹೆಸರುಗಳಿಗೇನೂ ಬರವಿಲ್ಲ. ಬಿ.ಪಿ. ಗೋವಿಂದ, ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಎಂದು ಪಟ್ಟಿ ಬೆಳೆಯುತ್ತದೆ. ಗೋಲು ಕಾದವರನ್ನು ಕೇಳಿ ನೋಡಿ, ಮಾತು ಸ್ವಲ್ಪ ತಡವರಿಸುತ್ತದೆ. ಆಮೇಲೆ ಅಂಜಪರವಂಡ ಬಿ. ಸುಬ್ಬಯ್ಯನವರ ನೆನಪಾಗುತ್ತದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್ ತಂಡದಲ್ಲಿದ್ದ ಗೋಲ್‌ಕೀಪರ್ ಅವರು.

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಆಶಿಶ್ ಬಲ್ಲಾಳ್ ಇದ್ದರು. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಪೆನಾಲ್ಟಿ ಹೊಡೆತಗಳನ್ನು ತಡೆದು, 32 ವರ್ಷಗಳ ನಂತರ ಭಾರತಕ್ಕೆ ಚಿನ್ನ ತಂದವರು. ಒಂದೇ ರಾಜ್ಯ, ಒಂದೇ ತಲೆಮಾರು, ಇಬ್ಬರು ಗೋಲಿಗಳು. ಆದರೆ ಗೋಲಿನ ಬಾಯಿ ಒಂದೇ. ಮುಂಪಡೆಯ ಆಟಗಾರನಿಗೆ ಎಡಬದಿ ಸಿಗದಿದ್ದರೆ ಬಲಬದಿ ಸಿಕ್ಕೀತು. ಗೋಲಿಗೆ ಆ ಅನುಕೂಲವಿಲ್ಲ. ಒಬ್ಬ ಒಳಗಿದ್ದರೆ ಇನ್ನೊಬ್ಬ ಹೊರಗೆ.

ಹೊರಗಿನ ಆ ಜಾಗವನ್ನೂ ಕಿರಿದು ಮಾಡಿದ್ದು ನಿಯಮ. ಮೊದಲು ಪಂದ್ಯದ ನಡುವೆ ಇಬ್ಬರನ್ನಷ್ಟೆ ಬದಲಿಸಬಹುದಿತ್ತು, ಹೊರಬಂದವರು ಮರಳುವಂತಿರಲಿಲ್ಲ. 1990ರ ದಶಕದ ಆದಿಯಲ್ಲಿ ಎಷ್ಟು ಸಲ ಬೇಕಾದರೂ ಬದಲಿಸುವ ಪದ್ಧತಿ ಬಂತು. ಆಟದ ವೇಗ ಏರಿತು, ದಣಿಯದ ಕಾಲುಗಳಿಗೆ ಬೆಲೆ ಬಂತು. ಒಲಿಂಪಿಕ್ಸ್‌ನಲ್ಲಿ ತಂಡಕ್ಕೆ 16 ಜನ ಮಾತ್ರ. ಬೆಂಚಿನಲ್ಲಿ ಕೂರುವ ಗೋಲಿಗಾಗಿ ಓಡುವವನೊಬ್ಬನನ್ನು ಬಿಡುವವರಾರು? 2012ರ ಲಂಡನ್‌ಗೆ ಭಾರತ ಇಬ್ಬರನ್ನು ಒಯ್ದಿತ್ತು: ನಾಯಕ ಭರತ್ ಚೆಟ್ರಿ, ಜೊತೆಗೆ ಪಿ.ಆರ್. ಶ್ರೀಜೇಶ್. 2016ರಲ್ಲಿ ಶ್ರೀಜೇಶ್ ಒಬ್ಬರೇ. ಅಂದು ಎರಡನೆಯವರಾಗಿದ್ದವರು ಮುಂದೆ ಜಗತ್ತಿನ ದೊಡ್ಡ ಗೋಲಿಗಳಲ್ಲಿ ಒಬ್ಬರಾದರು ಎಂಬುದನ್ನು ಲೆಕ್ಕ ಹಾಕುವವರು ಮರೆಯಬಾರದಿತ್ತು.

ಹಾಗೆಂದು ಎರಡನೆಯವನು ಬೇಡವೆ? 2023ರ ಜನವರಿ 22ರಂದು ಭುವನೇಶ್ವರದಲ್ಲಿ, ವಿಶ್ವಕಪ್‌ನಲ್ಲಿ ಭಾರತ-ನ್ಯೂಜಿಲೆಂಡ್ 3-3 ಸಮ. ಶೂಟೌಟ್ ಸಡನ್ ಡೆತ್‌ಗೆ ಹೋಯಿತು. ಒಂದರ ಮೇಲೊಂದು ದಾಳಿ ತಡೆದ ಶ್ರೀಜೇಶ್ ಗಾಯಗೊಂಡು ಹೊರಬಂದರು. ಆ ಘಳಿಗೆಯಲ್ಲಿ ಗೋಲಿಗೆ ಇಳಿದದ್ದು ಕೃಷನ್ ಪಾಠಕ್. ಭಾರತ 4-5ರಲ್ಲಿ ಸೋತಿತು. ಇಂಥ ಸಂದರ್ಭದಲ್ಲಿ ಗೆದ್ದರೆ ಮೊದಲನೆಯವನ ಹೆಸರು, ಸೋತರೆ ಕೊನೆಗೆ ನಿಂತವನ ಮುಖ. ಮೀಸಲು ಗೋಲಿಯ ಬಾಳು ಇಷ್ಟು ಕಠೋರ. ಮರುವರ್ಷ ಪ್ಯಾರಿಸ್‌ಗೆ ಪಾಠಕ್ ಹೋದರು, ಆದರೆ 16ರ ಹೊರಗೆ, ಮೀಸಲು ಆಟಗಾರರಾಗಿ. ಭಾರತ ಕಂಚು ಗೆದ್ದಿತು.

ಕೊಡಗಿನ ಕುಟುಂಬ ಹಾಕಿಯ ಲೆಕ್ಕ ಬೇರೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳೊಡನೆ ಆರಂಭಿಸಿದ ಈ ಉತ್ಸವದಲ್ಲಿ 2024ರ ಹೊತ್ತಿಗೆ, ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ನಲ್ಲಿ, 360 ತಂಡಗಳಿದ್ದವು. ಅಂದರೆ ಒಂದೇ ಪುಟ್ಟ ಜಿಲ್ಲೆಯ ಮನೆತನಗಳಿಂದ ಕನಿಷ್ಠ 360 ಗೋಲಿಗಳು! ಅವರಲ್ಲಿ ಯಾರೊಬ್ಬರಿಗಾದರೂ ಮುಂದೆ ದೇಶದ ಬಾಗಿಲು ತಟ್ಟುವ ಆಸೆಯಿದ್ದರೆ, ಆ ಬಾಗಿಲ ಹಿಂದೆ ಇರುವುದು ಒಂದೇ ಕುರ್ಚಿ.

ಶ್ರೀಜೇಶ್ ಪ್ಯಾರಿಸ್ ಕಂಚಿನೊಂದಿಗೆ ನಿವೃತ್ತರಾದರು. 2025ರಲ್ಲಿ ರಾಜಗೀರ್‌ನಲ್ಲಿ ಏಷ್ಯಾ ಕಪ್ ಗೆದ್ದ ತಂಡದಲ್ಲಿ ಪಾಠಕ್ ಇದ್ದರು. ಅವರ ಜೊತೆಗಿದ್ದ ಇನ್ನೊಬ್ಬ ಗೋಲಿ ಮುಂಬೈಯ ಸೂರಜ್ ಕರ್ಕೇರ. ಹೆಸರಿನಲ್ಲೇ ತುಳುನಾಡಿನ ಗುರುತಿದೆ. ವಯಸ್ಸಿನಲ್ಲಿ ಅವರು ಪಾಠಕ್‌ಗಿಂತ ಹಿರಿಯರು.